ಹಣೆಗೆ ಅಂಟಿಸೋ ಬಿಸ್ ಪಟ್ಟಿಗೆ ದುಡ್ಡು ಕೊಡಬಹುದಾ? ಓಟಿ ಒಳಗಿಂದ ಒಂದು ರಿವ್ಯೂ

ಆಸ್ಪತ್ರೆ ಬಿಲ್ಲಲ್ಲಿ ‘ಬಿಸ್ ಸೆನ್ಸರ್’ ಅಂತ ಒಂದು ಲೈನ್ ನೋಡಿ, ಇದೇನ್ ಗುರು ಇಷ್ಟೊಂದು ಹಾಕಿದಾರೆ ಅಂತ ವಾಟ್ಸಾಪಲ್ಲಿ ಫೋಟೋ ಕಳಿಸೋರು ನಂಗೆ ಜಾಸ್ತಿ, ಯಾಕಂದ್ರೆ ನಮ್ಮ ಕಡೆಯೋರಲ್ಲಿ ಓಟಿ, ಅಂದ್ರೆ ಆಪರೇಷನ್ ಥಿಯೇಟರ್ ಒಳಗೆ ಕೆಲಸ ಮಾಡೋನು ನಾನೊಬ್ಬನೇ. ಬಿಸ್ ಅಂದ್ರೆ ಆಪರೇಷನ್ ಟೈಮಲ್ಲಿ ಪೇಷಂಟ್ ಎಷ್ಟು ಆಳದ ನಿದ್ದೇಲಿದಾರೆ ಅಂತ ಮೆದುಳಿನ ಅಲೆ ನೋಡಿ ಒಂದು ನಂಬರಲ್ಲಿ ಹೇಳೋ ಮಷಿನ್, ಅದಕ್ಕೆ ಹಣೆಗೆ ಅಂಟಿಸೋ ಪಟ್ಟಿನೇ ಈ ಸೆನ್ಸರ್. ಅನಸ್ತೇಷಿಯಾ ಟೆಕ್ನಿಷಿಯನ್ ನಾನು, ಈಗ ಮಾಗಡಿ ರೋಡ್ ಕಡೆ ಒಂದು ಮಧ್ಯಮ ಸೈಜಿನ ಆಸ್ಪತ್ರೇಲಿ, ಅದಕ್ಕೂ ಮುಂಚೆ ಊರೆಲ್ಲ ಸುತ್ತಿ ಸುಮಾರು ನರ್ಸಿಂಗ್ ಹೋಮ್ ನೋಡಾಗಿದೆ. ಡಾಕ್ಟ್ರಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಆದ್ರೆ ಆ ಪಟ್ಟಿನ ಪೇಷಂಟ್ ಹಣೆಗೆ ಅಂಟಿಸೋನು ನಾನು, ಕೇಸ್ ಮುಗಿಯೋವರೆಗೂ ಆ ನಂಬರ್ ಏರೋದು ಇಳಿಯೋದು ನೋಡ್ಕೊಂಡು ನಿಲ್ಲೋನೂ ನಾನೇ, ಮಿಕ್ಸಿಗೂ ಇಯರ್‌ಫೋನಿಗೂ ಜನ ಪುಟಗಟ್ಟಲೆ ರಿವ್ಯೂ ಬರೀವಾಗ ಇದಕ್ಕೂ ಒಂದು ಇರ್ಲಿ.

ವಿಷಯ ಏನಂದ್ರೆ, ಫುಲ್ ಅನಸ್ತೇಷಿಯಾ ಕೊಟ್ಟಾಗ ನಾವು ಹಾರ್ಟ್ ನೋಡ್ತೀವಿ, ಬಿಪಿ ನೋಡ್ತೀವಿ, ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡ್ತೀವಿ, ಉಸಿರಲ್ಲಿ ಬರೋ ಕಾರ್ಬನ್ ಡೈಆಕ್ಸೈಡ್ ನೋಡ್ತೀವಿ. ಆದ್ರೆ ಔಷಧಿ ಕೆಲಸ ಮಾಡೋದು ಮೆದುಳಿನ ಮೇಲೆ ತಾನೆ, ಆ ಮೆದುಳನ್ನೇ ನೇರವಾಗಿ ನೋಡೋ ವ್ಯವಸ್ಥೆ ಬಹಳ ಕಾಲ ಇರ್ಲಿಲ್ಲ, ಬಿಪಿ ಏರ್ತಾ, ಪಲ್ಸ್ ಓಡ್ತಾ, ಕಣ್ಣಲ್ಲಿ ನೀರು ಬಂತಾ, ಬೆವರ್ತಾ ಇದಾರಾ ಅಂತ ನೋಡಿ ಅಂದಾಜು ಮಾಡೋದು ಅಷ್ಟೆ. ಹಾನ್ಸ್ ಬರ್ಗರ್ ಅನ್ನೋ ಜರ್ಮನ್ ಡಾಕ್ಟ್ರು 1924ರಲ್ಲೇ ಮನುಷ್ಯನ ಇಇಜಿ, ಅಂದ್ರೆ ಮೆದುಳಿನ ವಿದ್ಯುತ್ ಅಲೆಯ ಗೆರೆ ತೆಗೆದಿದ್ರು, ಮತ್ತಿನ ಔಷಧಿ ಕೊಟ್ರೆ ಆ ಅಲೆ ಬದಲಾಗತ್ತೆ ಅಂತ 1930ರ ದಶಕದಲ್ಲೇ ಗೊತ್ತಾಗಿತ್ತು, ಆದ್ರೆ ಓಟಿ ಗದ್ದಲದಲ್ಲಿ ನಿಂತ್ಕೊಂಡು ಆ ಅಂಕುಡೊಂಕು ಗೆರೆ ಓದೋರು ಯಾರು. ಅಮೆರಿಕದ ಆಸ್ಪೆಕ್ಟ್ ಮೆಡಿಕಲ್ ಅನ್ನೋ ಕಂಪನಿಯೋರು ಆ ಗೆರೆನೆಲ್ಲ ಲೆಕ್ಕ ಹಾಕಿ ಸೊನ್ನೆಯಿಂದ ನೂರರೊಳಗೆ ಒಂದೇ ಒಂದು ನಂಬರ್ ಮಾಡ್ಕೊಟ್ರು, ಅದೇ ಈ ಬಿಸ್, 1996ರಲ್ಲಿ ಅಲ್ಲಿನ ಎಫ್‌ಡಿಎ ಒಪ್ಪಿಗೆ ಸಿಕ್ತು. ಆ ಕಂಪನಿ ಈಗ ಕೈ ಬದಲಾಗಿ ಮೆಡ್‌ಟ್ರಾನಿಕ್ ಹತ್ರ ಇದೆ. ಪೂರ್ತಿ ಎಚ್ಚರ ಇದ್ರೆ ನೂರರ ಹತ್ರ, ಆಪರೇಷನ್ ಟೈಮಲ್ಲಿ 40ರಿಂದ 60 ಇರ್ಬೇಕು, ಸೊನ್ನೆ ಅಂದ್ರೆ ಗೆರೆ ನೇರ. ಆ ನಂಬರ್ ಬರೋ ಲೆಕ್ಕ ಏನು ಅನ್ನೋದನ್ನ ಕಂಪನಿಯೋರು ಪೂರ್ತಿ ಬಿಟ್ಟುಕೊಟ್ಟಿಲ್ಲ, ಇದು ಡಾಕ್ಟ್ರುಗಳಿಗೆ ಹಳೇ ಕೋಪ.

ಈಗ ಅಂಟಿಸೋ ಕಥೆ. ನಾಲ್ಕು ಬಿಲ್ಲೆ ಇರೋ ಉದ್ದನೆ ಸ್ಟಿಕ್ಕರ್ ಅದು. ಒಂದನೇ ನಂಬರ್ ಹಣೆ ಮಧ್ಯಕ್ಕೆ, ಮೂಗಿನ ಬುಡದಿಂದ ಸುಮಾರು ಎರಡು ಇಂಚು ಮೇಲೆ, ನಾಲ್ಕನೇದು ಹುಬ್ಬಿನ ಮೇಲೆ ಒತ್ಕೊಂಡು, ಮೂರನೇದು ಕಣ್ಣಿನ ಕೊನೆಗೂ ಕಿವಿ ಹತ್ರದ ಕೂದಲಿಗೂ ಮಧ್ಯೆ. ಸುತ್ತ ಅಂಚು ಒತ್ತಿ, ಆಮೇಲೆ ಒಂದೊಂದು ಬಿಲ್ಲೆನೂ ಐದೈದು ಸೆಕೆಂಡ್ ಒತ್ತಿ ಹಿಡೀಬೇಕು, ಒಳಗೆ ಸಣ್ಣ ಸಣ್ಣ ಪ್ಲಾಸ್ಟಿಕ್ ಹಲ್ಲು ಇರತ್ತೆ, ಅದು ಚರ್ಮದ ಮೇಲ್ಪದರ ಸರಿಸಿ ಜೆಲ್ ಒಳಗೆ ತಾಗೋ ಹಾಗೆ ಮಾಡತ್ತೆ. ಆಪರೇಷನ್ ಆದ್ಮೇಲೆ ಹಣೆ ಮೇಲೆ ಚುಕ್ಕಿ ಚುಕ್ಕಿ ಕೆಂಪು ಗುರುತು ನೋಡಿ ಏನೋ ಕಚ್ಚಿದೆ ಅಂತ ಗಾಬರಿ ಆಗೋರಿದಾರೆ, ಅದು ಇದೇ, ತಾನಾಗೇ ಹೋಗತ್ತೆ.

ಈ ಪಟ್ಟಿ ಡಿಸೈನ್ ಮಾಡಿದೋರು ನಮ್ಮೂರಿನ ಹಣೆ ನೋಡಿಲ್ಲ ಅನ್ನೋದು ಗ್ಯಾರಂಟಿ. ನಮ್ಮ ಪೇಷಂಟು ಓಟಿಗೆ ಬರೋದೇ ಮೂರು ಬೆರಳಗಲ ವಿಭೂತಿ, ಅದರ ಮೇಲೆ ಕುಂಕುಮ, ಯಾರೋ ಬೆಳಗ್ಗೆ ಗಾಳಿ ಆಂಜನೇಯನ ಗುಡಿಯಿಂದ ತಂದು ಹಚ್ಚಿದ ಸಿಂಧೂರ, ತಲೆ ತುಂಬ ಎಣ್ಣೆ, ಆ ಎಣ್ಣೆ ಹಣೆಗೆ ಇಳಿದು ಮಿರಮಿರ ಅಂತಿರತ್ತೆ. ಇದರ ಮೇಲೆ ಅಂಟಿಸಿದ್ರೆ ಮಷಿನ್ ಒಂದೊಂದು ಬಿಲ್ಲೆನೂ ಚೆಕ್ ಮಾಡಿ ಪಾಸ್ ಇಲ್ಲ ಅಂತ ಹೇಳ್ತಾ ಕೂತ್ಕೊಳತ್ತೆ. ಗಂಡಸರು ಒರೆಸ್ಕೊಳ್ಳಿ ಅಂತಾರೆ. ವಯಸ್ಸಾದ ಮುತ್ತೈದೆಯರ ಹತ್ರ ಹಣೆ ಒರೆಸ್ತೀನಿ ಅನ್ನೋದು ಅಷ್ಟು ಸುಲಭ ಅಲ್ಲ.

“ಅಮ್ಮಾ, ಇದೊಂಚೂರು ಒರೆಸ್ತೀನಿ, ಇಲ್ಲಾಂದ್ರೆ ಅಂಟಲ್ಲ.”

“ಇವತ್ತಿನ ದಿನವೇ ಒರೆಸ್ತಿಯೇನಪ್ಪ? ಬೈತಲೆದಾದ್ರೂ ಬಿಡು.”

“ಬೈತಲೆ ಮುಟ್ಟಲ್ಲಮ್ಮ, ಹಣೆದು ಮಾತ್ರ.”

ಸ್ಪಿರಿಟ್ ಹಾಕಿ ಒರೆಸಿ, ಅದು ಪೂರ್ತಿ ಒಣಗೋವರೆಗೂ ಕಾಯ್ಬೇಕು, ಆ ಹೊತ್ತಿಗೆ ಸರ್ಜನ್ನು ಬಾಗಿಲಲ್ಲಿ ತಲೆ ಹಾಕಿ ‘ಆಯ್ತೇನ್ರೀ’ ಅಂತ ಎರಡು ಸಲ ಕೇಳಿರ್ತಾರೆ. ನಿಮಗೆ ಆಪರೇಷನ್ ಇದ್ರೆ ಒಂದು ಉಪಕಾರ ಮಾಡಿ, ಹಿಂದಿನ ದಿನ ತಲೆಗೆ ಸ್ನಾನ ಮಾಡಿ, ಬೆಳಗ್ಗೆ ಎಣ್ಣೆ ಹಚ್ಚಬೇಡಿ.

ಸ್ಕ್ರೀನ್ ಬಗ್ಗೆ ಹೇಳ್ಬೇಕಂದ್ರೆ, ಎಲ್ಲರ ಕಣ್ಣೂ ಹೋಗೋದು ದೊಡ್ಡ ನಂಬರ್ ಮೇಲೆ, ಅದು ಅಲ್ಲಿರೋದೇ ಹಾಗೆ, ದೂರದಿಂದ ಕಾಣೋ ಥರ. ಆದ್ರೆ ಸರಕು ಇರೋದು ಉಳಿದ ಕಡೆ. ಸಿಗ್ನಲ್ ಎಷ್ಟು ಚೆನ್ನಾಗಿದೆ ಅಂತ ತೋರಿಸೋ ಎಸ್‌ಕ್ಯೂಐ ಅಂತ ಒಂದು ಪಟ್ಟಿ, ಹಣೆ ಸ್ನಾಯುವಿನ ಅಲುಗಾಟ ತೋರಿಸೋ ಇಎಂಜಿ ಅಂತ ಇನ್ನೊಂದು, ಗೆರೆ ಎಷ್ಟು ಹೊತ್ತು ಚಪ್ಪಟೆ ಆಗಿತ್ತು ಅಂತ ಪರ್ಸೆಂಟಲ್ಲಿ ಹೇಳೋ ಎಸ್‌ಆರ್, ಆಮೇಲೆ ಓಡ್ತಾ ಇರೋ ಇಇಜಿ ಅಲೆ. ಸರ್ಜನ್ ಕರೆಂಟಲ್ಲಿ ಸುಟ್ಟು ರಕ್ತ ನಿಲ್ಲಿಸೋ ಕಾಟರಿ ಹಚ್ಚಿದ ತಕ್ಷಣ ಅಲೆ ಎಲ್ಲ ಗೀಚಿದ ಹಾಗಾಗಿ ಎಸ್‌ಕ್ಯೂಐ ಕುಸಿಯತ್ತೆ, ಅವಾಗ ಬರೋ ನಂಬರನ್ನ ನಂಬೋ ಹಾಗಿಲ್ಲ. ಜೊತೆಗೆ ನಂಬರ್ ಈ ಕ್ಷಣದ್ದಲ್ಲ, ಹಿಂದಿನ ಸ್ವಲ್ಪ ಸೆಕೆಂಡುಗಳ ಲೆಕ್ಕ ಹಾಕಿ ಕೊಡೋದ್ರಿಂದ ಲೇಟಾಗೇ ಬರತ್ತೆ. ಪೇಷಂಟ್ ಎಚ್ಚರ ಆಗ್ತಾರಾ ಅಂತ ಮುಂಚೆನೇ ಹೇಳೋ ಮಷಿನ್ ಅಂತ ಮಾರೋರು ಹೇಳಿದ್ರೆ ಅಷ್ಟಕ್ಕಷ್ಟೆ ತಗೊಳ್ಳಿ.

ಹಾಗಂತ ಕೆಲಸಕ್ಕೆ ಬಾರದ್ದಾ ಅಂದ್ರೆ ಖಂಡಿತ ಅಲ್ಲ. ಹಿಂದೆ ಇದ್ದ ಒಂದು ನರ್ಸಿಂಗ್ ಹೋಮಲ್ಲಿ ಪಿತ್ತಕೋಶದ ಲ್ಯಾಪ್ರೋಸ್ಕೋಪಿ ಕೇಸು. ಅನಸ್ತೇಷಿಯಾ ಮೇಡಂ ಫ್ರೀಲ್ಯಾನ್ಸ್, ಬೆಂಗಳೂರಲ್ಲಿ ಸಣ್ಣ ನರ್ಸಿಂಗ್ ಹೋಮುಗಳಿಗೆಲ್ಲ ಹೀಗೇ ಒಂದು ಕಡೆಯಿಂದ ಇನ್ನೊಂದು ಕಡೆ ಬ್ಯಾಗ್ ಹಿಡ್ಕೊಂಡು ಓಡಾಡೋರೇ ಬರೋದು, ಅವತ್ತು ಗೊರಗುಂಟೆಪಾಳ್ಯದ ಜಾಮಲ್ಲಿ ಸಿಕ್ಕಾಕೊಂಡು ಬಂದಿದ್ದೇ ಲೇಟು, ಸರ್ಜನ್ ಅವಸರ, ಎಲ್ಲ ಗಡಿಬಿಡೀಲಿ ಶುರುವಾಯ್ತು. ಆ ಜಾಗದಲ್ಲಿ ಉಸಿರಲ್ಲಿ ಮತ್ತಿನ ಗ್ಯಾಸ್ ಎಷ್ಟಿದೆ ಅಂತ ಅಳೆಯೋ ಮಾನಿಟರ್ ಇರ್ಲಿಲ್ಲ, ಅದಕ್ಕೇ ಮೇಡಂ ಬಿಸ್ ಹಾಕಿಸ್ತಿದ್ರು. ಅರ್ಧ ಕೇಸಲ್ಲಿ ನಂಬರ್ ನಲವತ್ತರ ಕೊನೇಲಿ ಇದ್ದದ್ದು ಮೆಲ್ಲಗೆ ತೆವಳ್ಕೊಂಡು ಐವತ್ತು ದಾಟ್ತು, ಅರವತ್ತೂ ದಾಟ್ತು. ಪೇಷಂಟ್ ಬಿಪಿಗೆ ಅಂತ ಪಲ್ಸ್ ಏರದ ಹಾಗೆ ತಡೆಯೋ ಬೀಟಾ ಬ್ಲಾಕರ್ ಮಾತ್ರೆ ತಗೋತಿದ್ರು, ಅದಕ್ಕೋ ಏನೋ ಪಲ್ಸ್ ಅಲ್ಲಾಡ್ಲಿಲ್ಲ, ಬಿಪಿನೂ ಅಂಥ ವ್ಯತ್ಯಾಸ ಇಲ್ಲ. ಮೇಡಂ ಬರೀ ನಂಬರ್ ನೋಡ್ಲಿಲ್ಲ, ಇಎಂಜಿ ಪಟ್ಟಿ ನೋಡಿದ್ರು, ಅದು ಕೆಳಗೇ ಇತ್ತು, ಅಂದ್ರೆ ನಂಬರ್ ಏರಿಸ್ತಿರೋದು ಹಣೆ ಸ್ನಾಯು ಅಲ್ಲ. ಅಲೆ ನೋಡಿದ್ರು, ದೊಡ್ಡದಾಗಿ ನಿಧಾನಕ್ಕೆ ಬರ್ತಿದ್ದದ್ದು ಸಣ್ಣದಾಗಿ ಚುರುಕಾಗಿತ್ತು. ತಕ್ಷಣ ಬಗ್ಗಿ ಮತ್ತಿನ ಗ್ಯಾಸ್ ಬಿಡೋ ವೇಪರೈಸರ್ ಗಾಜು ನೋಡಿದ್ರೆ ಅದರಲ್ಲಿರೋ ಸೆವೋಫ್ಲೂರೇನ್ ಖಾಲಿ, ತಳ ಕಾಣ್ತಿದೆ. ನರಕ್ಕೆ ಕೊಡೋ ಮತ್ತಿನ ಔಷಧಿ ಪ್ರೊಪೊಫಾಲ್ ಕೊಟ್ಟು, ನಾನು ಬಾಟ್ಲಿ ತಂದು ತುಂಬಿಸಿ, ಮತ್ತೆ ನಲವತ್ತಕ್ಕೆ ಬಂತು. ಮಾರನೇ ದಿನ ಮೇಡಂ ತಾವೇ ವಾರ್ಡಿಗೆ ಹೋಗಿ, ನಿದ್ದೆ ಬರೋ ಮುಂಚೆ ಕೊನೇಲಿ ಏನು ನೆನಪಿದೆ, ಎದ್ದಾಗ ಮೊದಲು ಏನು ನೆನಪಿದೆ, ಮಧ್ಯೆ ಏನಾದ್ರೂ ಇದೆಯಾ ಅಂತ ಕೇಳಿದ್ರು. ಏನೂ ಇಲ್ಲ ಅಂದ್ರು ಅವರು. ಆ ಒಂದು ಕೇಸಿಗೆ ನಾನು ಈ ಮಷಿನ್‌ಗೆ ಐದಕ್ಕೆ ಐದು ಕೊಡ್ತೀನಿ.

ಅದೇ ಮಷಿನ್ನು ಬೇರೆಯೋರ ಕೈಲಿ ಉಲ್ಟಾನೂ ಹೊಡಿಯತ್ತೆ. ಸ್ನಾಯು ಸಡಿಲ ಮಾಡೋ ರಿಲ್ಯಾಕ್ಸೆಂಟ್ ಇಳಿಯೋಕೆ ಶುರುವಾದ್ರೆ ಹಣೆ ಸ್ನಾಯು ಅದುರಿ ಇಎಂಜಿ ಮೇಲೇರತ್ತೆ, ಮಷಿನ್ ಅದನ್ನೇ ಮೆದುಳಿನ ಅಲೆ ಅನ್ಕೊಂಡು ನಂಬರ್ ಏರಿಸ್ಬಿಡತ್ತೆ. ಬರೀ ನಂಬರ್ ನೋಡೋ ಹೊಸ ಡಾಕ್ಟ್ರು ಇನ್ನಷ್ಟು ಪ್ರೊಪೊಫಾಲ್ ತಳ್ತಾರೆ, ಬಿಪಿ ಧಡ್ ಅಂತ ಬೀಳತ್ತೆ. ಕೆಟಮಿನ್ ಅನ್ನೋ ಮತ್ತಿನ ಔಷಧಿ ಕೊಟ್ರೆ ಪೇಷಂಟ್ ಆಳಕ್ಕೆ ಹೋಗಿರ್ತಾರೆ, ನಂಬರ್ ಮಾತ್ರ ಮೇಲಕ್ಕೆ ಹೋಗತ್ತೆ. ನೈಟ್ರಸ್ ಆಕ್ಸೈಡ್ ಅನ್ನೋ ಗ್ಯಾಸಿಗೆ ಸರಿಯಾಗಿ ಲೆಕ್ಕನೇ ಹಾಕಲ್ಲ. ಚಳಿಗೆ ಅಂತ ತಲೆ ಹತ್ರ ಬಿಸಿಗಾಳಿ ಬ್ಲೋಯರ್ ಇಟ್ರೆ ಅದೂ ನಂಬರ್ ಕೆಡಿಸಬಹುದು.

ಇದಕ್ಕಿಂತ ಕೆಟ್ಟದ್ದೊಂದಿದೆ. 2015ರಲ್ಲಿ ಪ್ರಿಂಟಾದ ಒಂದು ಸ್ಟಡೀಲಿ ಹತ್ತು ಜನ ವಾಲಂಟಿಯರ್‌ಗಳಿಗೆ ಮತ್ತಿನ ಔಷಧಿ ಏನೂ ಕೊಡದೆ ಬರೀ ರಿಲ್ಯಾಕ್ಸೆಂಟ್ ಮಾತ್ರ ಕೊಟ್ಟು ಬಿಸ್ ನೋಡಿದ್ರು. ಪೂರ್ತಿ ಎಚ್ಚರ ಇದ್ದೋರು, ಎಲ್ಲ ಕೇಳಿಸ್ತಿದೆ, ಆದ್ರೂ ನಂಬರ್ 60ರ ಕೆಳಗೆ ಇಳೀತು, ಒಂದು ಹಂತದಲ್ಲಿ 44ರವರೆಗೂ ಹೋಯ್ತು. ಅಂದ್ರೆ ಮಷಿನ್ ಪ್ರಕಾರ ಆರಾಮಾಗಿ ಆಪರೇಷನ್ ಮಾಡಬಹುದು! ಇದನ್ನ ಮೊದಲ ಸಲ ಮೇಡಂ ಬಾಯಲ್ಲಿ ಕೇಳಿದಾಗ ನಂಗೆ ಎದೆ ಧಸಕ್ ಅಂತು. ಮಷಿನ್ ಮಾರೋಕೆ ಬರೋ ಹುಡುಗರು ಈ ಸ್ಟಡಿ ಸ್ಲೈಡು ಯಾವತ್ತೂ ಹಾಕಲ್ಲ, ಹಾಕಿ ಅಂತ ನಾವೂ ಕೇಳಲ್ಲ, ಸಮೋಸ ತಿಂದು ಕಳಿಸ್ತೀವಿ.

ಅವರು ಹಾಕೋದು ಬಿ-ಅವೇರ್ ಅನ್ನೋ 2004ರ ಟ್ರಯಲ್. ಸುಮಾರು 2,460 ರಿಸ್ಕ್ ಇರೋ ಪೇಷಂಟ್‌ಗಳಲ್ಲಿ ಬಿಸ್ ಹಾಕಿದ ಗುಂಪಲ್ಲಿ ಆಪರೇಷನ್ ಮಧ್ಯೆ ಎಚ್ಚರ ಇದ್ದದ್ದು ನೆನಪಿರೋರು 2 ಜನ, ಹಾಕದೇ ಇರೋ ಗುಂಪಲ್ಲಿ 11. ಒಳ್ಳೇ ರಿಸಲ್ಟೇ. ಆದ್ರೆ ಕಥೆ ಅಲ್ಲಿಗೆ ನಿಲ್ಲಲ್ಲ. ಬಿಸ್ ಇಲ್ದೇನೂ ಉಸಿರಲ್ಲಿ ಹೊರಬರೋ ಗ್ಯಾಸ್ ಅಳೆದು, ಇಷ್ಟಕ್ಕಿಂತ ಕೆಳಗೆ ಹೋದ್ರೆ ಅಲಾರಾಂ ಹೊಡಿಯೋ ಹಾಗೆ ಇಟ್ರೆ ಹೇಗಿರತ್ತೆ ಅಂತ 2008ರಲ್ಲಿ ಹೋಲಿಸಿದಾಗ ಎರಡೂ ಕಡೆ ಎರಡೆರಡು ಕೇಸ್, ಸಮಸಮ. 2011ರಲ್ಲಿ ಆರು ಸಾವಿರ ಜನರ ಮೇಲೆ ಮತ್ತೆ ಮಾಡಿದಾಗ ಬಿಸ್ ಗುಂಪಲ್ಲಿ 7, ಗ್ಯಾಸ್ ಅಲಾರಾಂ ಗುಂಪಲ್ಲಿ 2. ಅಂದ್ರೆ ಒಳ್ಳೇ ಗ್ಯಾಸ್ ಮಾನಿಟರ್ ಇರೋ ಆಸ್ಪತ್ರೇಲಿ, ಗ್ಯಾಸ್ ಮೇಲೆ ನಡೆಯೋ ಸಾದಾ ಕೇಸಿಗೆ, ಎಚ್ಚರ ಆಗ್ತೀರಿ ಅನ್ನೋ ಭಯ ತೋರಿಸಿ ಬಿಸ್ ಮಾರೋದು ಸ್ವಲ್ಪ ಜಾಸ್ತಿನೇ.

ಆ ಭಯದ ಬಗ್ಗೆನೂ ಹೇಳ್ಬಿಡ್ತೀನಿ, ಪಿಎಸಿಗೆ, ಅಂದ್ರೆ ಆಪರೇಷನ್ ಮುಂಚಿನ ಅನಸ್ತೇಷಿಯಾ ಚೆಕಪ್ಪಿಗೆ ಬಂದೋರು ಡಾಕ್ಟ್ರನ್ನ ಕೇಳದೆ ಹೊರಗೆ ಬಂದು ನನ್ನ ಕೇಳೋದೇ ಇದು, ‘ಮಧ್ಯದಲ್ಲಿ ಎಚ್ಚರ ಆದ್ರೆ?’ ಅಂತ. ಬ್ರಿಟನ್ನು, ಐರ್ಲೆಂಡಿನೋರು 2014ರಲ್ಲಿ ದೊಡ್ಡ ವರದಿ ತಂದ್ರು, ನ್ಯಾಪ್-5 ಅಂತ. ಪೇಷಂಟ್ ತಾವಾಗೇ ಬಂದು ಹೇಳಿದ್ದನ್ನ ಲೆಕ್ಕ ಹಾಕಿದ್ರೆ ಸುಮಾರು 19,000ಕ್ಕೆ ಒಂದು. ರಿಲ್ಯಾಕ್ಸೆಂಟ್ ಕೊಟ್ಟಿದ್ರೆ 8,000ಕ್ಕೆ ಒಂದು, ಕೊಡದಿದ್ರೆ 1,36,000ಕ್ಕೆ ಒಂದು. ವ್ಯತ್ಯಾಸ ನೋಡಿ, ಕೈ ಕಾಲು ಆಡಿಸೋಕಾಗದೆ ಇರೋದೇ ಅಲ್ಲಿ ಸಮಸ್ಯೆ. ಎದುರು ಕೂತು ಒತ್ತಿ ಕೇಳಿದ ಬೇರೆ ಸ್ಟಡಿಗಳಲ್ಲಿ ಸಾವಿರಕ್ಕೆ ಒಂದೋ ಎರಡೋ ಬಂದಿದೆ, ಕೇಳೋ ರೀತಿ ಮೇಲಿದೆ ಅದು. ಇನ್ನೊಂದು, ನ್ಯಾಪ್-5ರಲ್ಲಿ ಮೂರರಲ್ಲಿ ಎರಡು ಪಾಲು ಕೇಸು ಆಗಿದ್ದು ಕೊಯ್ಯೋ ಹೊತ್ತಲ್ಲಿ ಅಲ್ಲ, ಮಲಗಿಸುವಾಗ ಇಲ್ಲಾ ಎಬ್ಬಿಸುವಾಗ. ಆದ್ದರಿಂದ ಪಟ್ಟಿನ ಮಲಗಿಸೋ ಮುಂಚೆನೇ ಅಂಟಿಸ್ಬೇಕು, ಉಸಿರಿನ ಟ್ಯೂಬ್ ಎಲ್ಲ ಹಾಕಿ, ಮೇಲೆ ಬಟ್ಟೆ ಎಲ್ಲ ಹೊದಿಸಿ ಆದ್ಮೇಲೆ ‘ಹಾಂ ಬಿಸ್ ಹಾಕ್ಬಿಡಿ’ ಅನ್ನೋರಿದಾರಲ್ಲ, ಅವರಿಗೆ ಏನು ಹೇಳೋದು.

ನನಗೆ ಬಿಸ್ ಹೆಚ್ಚು ಇಷ್ಟ ಆಗೋದು ವಯಸ್ಸಾದೋರ ಕೇಸಲ್ಲಿ, ಅದೂ ಎಚ್ಚರ ಆಗೋ ಭಯಕ್ಕಲ್ಲ, ಓವರ್ ಆಗೋದನ್ನ ತಡೆಯೋಕೆ. ನಲವತ್ತು ವರ್ಷ ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಗ್ಯಾಸ್ ಬೇಕಾಗೋ ಪ್ರಮಾಣ ಸುಮಾರು ಶೇ. 6 ಕಮ್ಮಿ ಆಗ್ತಾ ಹೋಗತ್ತೆ. ಎಂಬತ್ತು ದಾಟಿದ ತಾತನಿಗೆ ಗ್ಯಾಸ್ ಡಯಲ್ ಮಾಮೂಲಿ ಥರ ಇಟ್ರೆ ನಂಬರ್ ಮೂವತ್ತಕ್ಕೂ ಕೆಳಗೆ ಹೋಗಿ ಎಸ್‌ಆರ್ ಏರೋಕೆ ಶುರು ಆಗತ್ತೆ, ಅಲೆ ಹಳೇ ಟ್ಯೂಬ್‌ಲೈಟ್ ಹತ್ಕೊಳ್ಳೋ ಮುಂಚೆ ಪಕಪಕ ಅನ್ನೋ ಹಾಗೆ, ಒಂದು ಸಲ ಕುಣಿದು ಮತ್ತೆ ಚಪ್ಪಟೆ, ಮತ್ತೆ ಕುಣಿದು ಚಪ್ಪಟೆ. ಅದನ್ನ ನೋಡಿದ ಡಾಕ್ಟ್ರು ಡಯಲ್ ಇಳಿಸ್ತಾರೆ, ಬಿದ್ದಿದ್ದ ಬಿಪಿನೂ ಎಷ್ಟೋ ಸಲ ತಾನೇ ಚೇತರಿಸ್ಕೊಳತ್ತೆ, ಕೇಸ್ ಮುಗಿದ ಮೇಲೆ ‘ತಾತಾ, ಕಣ್ಣು ಬಿಡಿ’ ಅಂತ ಅರ್ಧ ಗಂಟೆ ಕೂಗೋದು ತಪ್ಪತ್ತೆ. ಆಪರೇಷನ್ ಆದ್ಮೇಲೆ ಹಿರಿಯರು ಎರಡು ಮೂರು ದಿನ ಬಡಬಡಿಸೋದು, ಮಕ್ಕಳನ್ನೇ ಗುರುತು ಹಿಡಿಯದೇ ಇರೋದು ಇದೆಯಲ್ಲ, ಡೆಲಿರಿಯಂ, ಅದೂ ಬಿಸ್ ಹಾಕಿದ್ರೆ ಬರಲ್ಲ ಅಂತ ಮಾತ್ರ ಯಾರಾದ್ರೂ ಹೇಳಿದ್ರೆ ಪೂರ್ತಿ ನಂಬಬೇಡಿ. 2013ರಲ್ಲಿ ಹಾಂಕಾಂಗಲ್ಲಿ ಮಾಡಿದ ಟ್ರಯಲಲ್ಲಿ ಶೇ. 24ರಿಂದ ಸುಮಾರು 16ಕ್ಕೆ ಇಳಿದಿತ್ತು, 2019ರಲ್ಲಿ ಅಮೆರಿಕದಲ್ಲಿ 1,232 ಜನರ ಮೇಲೆ ಮಾಡಿದ ಎಂಗೇಜಸ್ ಟ್ರಯಲಲ್ಲಿ ಇಇಜಿ ನೋಡ್ಕೊಂಡು ಔಷಧಿ ಕೊಟ್ಟ ಗುಂಪಲ್ಲಿ ಶೇ. 26, ಮಾಮೂಲಿ ಗುಂಪಲ್ಲಿ ಶೇ. 23, ಅಂದ್ರೆ ಏನೂ ಉಪಯೋಗ ಆಗ್ಲಿಲ್ಲ. ಜಗಳ ಇನ್ನೂ ನಡೀತಿದೆ.

ದುಡ್ಡಿನ ವಿಷಯ. ಪಟ್ಟಿ ಒಂದಕ್ಕೆ ಎಂಆರ್‌ಪಿ ಸಾವಿರಗಳ ಲೆಕ್ಕದಲ್ಲೇ ಇರತ್ತೆ, ಒಬ್ಬರಿಗೆ ಹಾಕಿದ್ದನ್ನ ಬಿಸಾಕ್ಬೇಕು. ಬಿಸಾಕ್ತಾರಾ? ನಾನು ಕೆಲಸ ಮಾಡಿದ ಒಂದು ಕಡೆ, ಹೆಸರು ಬೇಡ, ಅದೇ ಪಟ್ಟಿನ ಒರೆಸಿ, ಇಸಿಜಿ ಜೆಲ್ ಹಚ್ಚಿ, ಮೇಲೆ ಪ್ಲಾಸ್ಟರ್ ಸುತ್ತಿ ಮುಂದಿನ ಪೇಷಂಟ್‌ಗೆ ಹಾಕೋರು, ಬಿಲ್ಲಲ್ಲಿ ಮಾತ್ರ ಪ್ರತಿಯೊಬ್ಬರಿಗೂ ಹೊಸ ಪಟ್ಟಿ ರೇಟು. ಹಾಗೆ ಹಾಕಿದ್ದಕ್ಕೆ ಸಿಗ್ನಲ್ಲೂ ಸರಿಯಾಗಿ ಬರ್ತಿರ್ಲಿಲ್ಲ, ಬರೋ ನಂಬರ್‌ಗೂ ಗ್ಯಾರಂಟಿ ಇಲ್ಲ, ಚರ್ಮದ ಸೋಂಕಿನ ಮಾತು ಬಿಡಿ. ಇದಕ್ಕಿಂತ ಹಾಕದೇ ಇರೋದು ವಾಸಿ. ಬಿಲ್ಲಲ್ಲಿ ಬಿಸ್ ಇದ್ರೆ ಖಾಲಿ ಪೌಚ್ ತೋರಿಸಿ ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ, ಇಂಪ್ಲಾಂಟ್ ಸ್ಟಿಕ್ಕರ್ ಕೇಳಲ್ವಾ ಹಾಗೆ. ಇನ್ಶೂರೆನ್ಸ್ ಇದ್ರೂ ಕೆಲವು ಪಾಲಿಸೀಲಿ ಕನ್ಸ್ಯೂಮಬಲ್ಸ್ ಅಂತ ಕತ್ತರಿ ಹಾಕ್ತಾರೆ, ಡಿಸ್ಚಾರ್ಜ್ ದಿನ ಕೌಂಟರ್ ಮುಂದೆ ಜಗಳ ಆಡೋ ಬದಲು ಅಡ್ಮಿಟ್ ಆಗೋ ಮುಂಚೆನೇ ಕೇಳಿಟ್ಕೊಳ್ಳಿ.

ಹಾಗಾದ್ರೆ ಯಾರು ಹಾಕಿಸ್ಕೋಬೇಕು? ಗ್ಯಾಸ್ ಇಲ್ದೆ ಪೂರ್ತಿ ಡ್ರಿಪ್ಪಲ್ಲೇ, ಅಂದ್ರೆ ಪಂಪಲ್ಲಿ ಪ್ರೊಪೊಫಾಲ್ ಬಿಟ್ಟು ಮಾಡೋ ಟೀವಾ ಕೇಸಾದ್ರೆ, ಜೊತೆಗೆ ರಿಲ್ಯಾಕ್ಸೆಂಟೂ ಇದ್ರೆ, ಕಣ್ಣು ಮುಚ್ಕೊಂಡು ಹೂಂ ಅನ್ನಿ, ಯಾಕಂದ್ರೆ ಅಲ್ಲಿ ಉಸಿರಲ್ಲಿ ಅಳೆಯೋಕೆ ಗ್ಯಾಸೇ ಇಲ್ಲ, ಕೈಗೆ ಹಾಕಿದ ಸೂಜಿ ಬಟ್ಟೆ ಕೆಳಗೆ ಸರಿದು ಔಷಧಿ ಹೊರಗೆ ಹೋಗ್ತಿದ್ರೂ ಪಂಪ್ ತನ್ನ ಪಾಡಿಗೆ ತಾನು ತಳ್ತಾ ಇರತ್ತೆ. ಬೆನ್ನುಮೂಳೆ ಸರ್ಜರಿಗಳಲ್ಲಿ ನರದ ಸಿಗ್ನಲ್ ಚೆಕ್ ಮಾಡ್ಬೇಕಾಗಿ ಇದೇ ಥರ ಕೊಡ್ತಾರೆ. ಹಾರ್ಟ್ ಸರ್ಜರಿ, ತುಂಬಾ ವಯಸ್ಸಾದೋರು, ಬಿಪಿ ತೀರಾ ಕೆಳಗಿದ್ದು ಔಷಧಿ ಕಮ್ಮಿ ಕೊಡ್ಬೇಕಾದೋರು, ಹಿಂದೊಂದು ಸಲ ಮಧ್ಯೆ ಎಚ್ಚರ ಆಗಿದ್ದೋರು, ಇವರಿಗೂ ಹೌದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡೋ ಸಿಸೇರಿಯನ್ನು, ಹರ್ನಿಯಾಗೆ ಬೇಕಾಗಿಲ್ಲ, ಅಲ್ಲಿ ನೀವು ಎಚ್ಚರ ಇರೋದೇ ಸರಿ, ಅದಕ್ಕೂ ಬಿಲ್ಲಲ್ಲಿ ಬಿಸ್ ಬಂದಿದ್ರೆ ಯಾಕೆ ಅಂತ ಕೇಳಿ. ಮೆದುಳಿನ ಸರ್ಜರೀಲಿ ಒಂದೊಂದ್ಸಲ ಹಣೆನೇ ಸರ್ಜನ್‌ಗೆ ಬೇಕಾಗಿ ಪಟ್ಟಿಗೆ ಜಾಗನೇ ಇರಲ್ಲ. ನಿಮ್ಹಾನ್ಸ್‌ನಲ್ಲಿ ಮೆದುಳಿನ ಅನಸ್ತೇಷಿಯಾಗೇ ಅಂತ ಒಂದು ಡಿಪಾರ್ಟ್‌ಮೆಂಟೇ ಇದೆ, ಅಂಥ ಕಡೆಯೋರು ಅಲೆ ಓದೋ ಲೆವೆಲ್ಲೇ ಬೇರೆ.

ಪಿಎಸಿ ದಿನ ಅನಸ್ತೇಷಿಯಾ ಡಾಕ್ಟ್ರನ್ನ ‘ಬಿಸ್ ಹಾಕ್ತೀರಾ’ ಅಂತ ಕೇಳೋದಕ್ಕಿಂತ ‘ಗ್ಯಾಸ್ ಮಾನಿಟರ್ ಇದೆಯಾ, ಬಿಸ್ ಹಾಕಿದ್ರೆ ಅಲೆನೂ ನೋಡ್ತೀರಾ, ಕೇಸ್ ಪೂರ್ತಿ ನೀವೇ ಇರ್ತೀರಾ’ ಅಂತ ಕೇಳಿ. ಒಳ್ಳೇ ಡಾಕ್ಟ್ರಾದ್ರೆ ಖುಷಿಯಾಗಿ ಹೇಳ್ತಾರೆ. ಸಿಡುಕಿದ್ರೆ ಅದೂ ಒಂದು ಉತ್ತರನೇ.

ಬಿಸ್ ಒಂದೇ ಅಲ್ಲ ಮಾರ್ಕೆಟ್ಟಲ್ಲಿ. ಜಿಇ ಮಷಿನ್ ಇರೋ ಕಡೆ ಎಂಟ್ರೊಪಿ ಅಂತ ಬರತ್ತೆ, ಅದರಲ್ಲಿ ಎರಡು ನಂಬರ್, ಒಂದು ಮೆದುಳಿಂದು, ಇನ್ನೊಂದರಲ್ಲಿ ಹಣೆ ಸ್ನಾಯುನೂ ಸೇರತ್ತೆ, ಎರಡರ ಮಧ್ಯೆ ಅಂತರ ನೋಡಿದ್ರೆ ಸ್ನಾಯು ಅದುರ್ತಿದೆ ಅಂತ ಬೇಗ ಗೊತ್ತಾಗತ್ತೆ, ಅದು ನಂಗೆ ಹಿಡಿಸ್ತು. ಮಾಸಿಮೋದವರ ಸೆಡ್‌ಲೈನ್ ಹಣೆಯ ಎರಡೂ ಕಡೆ ಅಲೆ ತೋರಿಸತ್ತೆ, ಬಣ್ಣಬಣ್ಣದ ಚಿತ್ರನೂ ಬರತ್ತೆ, ಅದರಲ್ಲಿ ನಂಬರ್ 25ರಿಂದ 50 ಇರ್ಬೇಕು, ಬಿಸ್ ಅಭ್ಯಾಸದಲ್ಲಿ ನೋಡಿದ್ರೆ ಎಡವಟ್ಟಾಗತ್ತೆ.

ಬಿಸ್‌ಗೆ ನನ್ನ ರೇಟಿಂಗ್ ಐದಕ್ಕೆ ಮೂರೂವರೆ. ಪಟ್ಟಿ ರೇಟಿಗೆ ಒಂದು ಸ್ಟಾರ್ ಕಟ್, ಕೆಟಮಿನ್‌ಗೂ ರಿಲ್ಯಾಕ್ಸೆಂಟಿಗೂ ಏಮಾರೋದಕ್ಕೆ ಅರ್ಧ ಕಟ್. ಅಲೆ ಓದೋಕೆ ಬರೋ ಡಾಕ್ಟ್ರು ಪಕ್ಕದಲ್ಲಿದ್ರೆ ನಾಲ್ಕೂವರೆ ಮಾಡ್ಕೊಳ್ಳಿ, ಬರೀ ನಂಬರ್ ನೋಡೋರಾದ್ರೆ ಎರಡು.